ಇಸ್ರೇಲಿನಲ್ಲಿ ಮದುವೆಗೆ ರಬ್ಬಿಯ ಅಪ್ಪಣೆ ಏಕೆ ಬೇಕು?

ಪ್ರಶ್ನೆ: ಇಸ್ರೇಲನ್ನು ಕಟ್ಟಿದವರಲ್ಲಿ ಹೆಚ್ಚಿನವರು ಪೂಜೆ, ಪ್ರಾರ್ಥನೆಗಳಿಂದ ದೂರವಿದ್ದ ಸಮಾಜವಾದಿಗಳು ಎಂದು ಓದಿದ್ದೇನೆ. ಅಂಥ ದೇಶದಲ್ಲಿ ಇಂದಿಗೂ ರಿಜಿಸ್ಟರ್ ಮದುವೆ ಇಲ್ಲ, ಯಹೂದಿಗಳು ರಬ್ಬಿಗಳೆಂಬ ಧರ್ಮಗುರುಗಳ ಮೂಲಕವೇ ಮದುವೆಯಾಗಬೇಕು ಎಂದು ಈಚೆಗೆ ತಿಳಿದು ಅಚ್ಚರಿಯಾಯಿತು. ಇದು ಹೇಗೆ ಬಂತು? ರಬ್ಬಿಗಳಿಗೂ ಸುಪ್ರೀಂ ಕೋರ್ಟಿಗೂ ತಿಕ್ಕಾಟವಾದರೆ ಕೊನೆಗೆ ನಡೆಯುವುದು ಯಾರ ಮಾತು?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ:

ನೀವು ತಿಳಿದಿರುವುದು ಸರಿ. ಟೆಲ್ ಅವೀವಿನ ಇಬ್ಬರು ಯಹೂದಿಗಳು ಮದುವೆಯಾಗಬೇಕೆಂದರೆ ನಮ್ಮಲ್ಲಿಯಂತೆ ನೋಂದಣಿ ಕಚೇರಿಗೆ ಹೋಗಿ, ಸಾಕ್ಷಿಗಳ ಎದುರು ಸಹಿ ಹಾಕಿ ಬರುವ ದಾರಿ ಅಲ್ಲಿಲ್ಲ. ಸರ್ಕಾರಿ ಸಂಬಳದಲ್ಲಿ ನಡೆಯುವ ರಬ್ಬಿನೇಟ್ ಎಂಬ ಧಾರ್ಮಿಕ ಸಂಸ್ಥೆಗೆ ಅರ್ಜಿ ಕೊಡಬೇಕು. ತಾಯಿಯ ಕಡೆಯಿಂದ ತಾವು ಯಹೂದಿಗಳೇ ಎಂದು ಅನುಮಾನ ಬಂದಾಗ ರುಜುವಾತು ಮಾಡಬೇಕು. ಹಲಾಖಾ, ಅಂದರೆ ಯಹೂದಿ ಧರ್ಮಶಾಸ್ತ್ರ, ಆ ಇಬ್ಬರ ಮದುವೆಗೆ ಅಡ್ಡಿಯಾಗಬಾರದು. ಹುಡುಗ ಕೊಹೆನ್ ಎಂಬ ಪುರೋಹಿತ ವಂಶದವನಾಗಿದ್ದು ಹುಡುಗಿಗೆ ಮೊದಲೊಮ್ಮೆ ವಿಚ್ಛೇದನವಾಗಿದ್ದರೆ ಅಲ್ಲಿಗೆ ಮುಗಿಯಿತು, ಆ ಮದುವೆ ನಡೆಯುವುದಿಲ್ಲ. ಮುಸ್ಲಿಮರಿಗೆ ಶರಿಯಾ ನ್ಯಾಯಾಲಯ, ಕ್ರೈಸ್ತರಿಗೆ ಅವರವರ ಚರ್ಚು, ದ್ರೂಜ್ ಎಂಬ ಸಣ್ಣ ಮತದವರಿಗೆ ಅವರದೇ ನ್ಯಾಯಾಲಯ. ಒಬ್ಬರು ಯಹೂದಿ, ಇನ್ನೊಬ್ಬರು ಬೇರೆ ಧರ್ಮದವರಾದರೆ ದೇಶದೊಳಗೆ ಮದುವೆಯಾಗುವ ಮಾತೇ ಇಲ್ಲ.

ಈ ಏರ್ಪಾಡು ಇಸ್ರೇಲಿನ ಸ್ವಂತದ್ದಲ್ಲ, ಬಳುವಳಿಯಾಗಿ ಬಂದದ್ದು. ಆಟೊಮನ್ ತುರ್ಕರು ಪ್ರತಿ ಮತದವರ ಮದುವೆ ಮುಂತಾದ ವ್ಯವಹಾರಗಳನ್ನು ಆಯಾ ಮತದ ಮುಖ್ಯಸ್ಥರಿಗೇ ಬಿಟ್ಟಿದ್ದರು. ಆಮೇಲೆ ಬಂದ ಬ್ರಿಟಿಷರು ಅದನ್ನೇ ಮುಂದುವರಿಸಿದರು. 1921ರಲ್ಲಿ ಅವರ ಆಡಳಿತದಲ್ಲೇ ಮುಖ್ಯ ರಬ್ಬಿನೇಟ್ ಸ್ಥಾಪನೆಯಾಯಿತು. ಯೂರೋಪು ಮೂಲದ ಅಶ್ಕೆನಾಜಿಗಳಿಗೆ ಒಬ್ಬರು, ಪೂರ್ವದ ದೇಶಗಳ ಸೆಫಾರ್ದಿಗಳಿಗೆ ಒಬ್ಬರು ಎಂದು ಇಬ್ಬರು ಮುಖ್ಯ ರಬ್ಬಿಗಳು ನೇಮಕವಾದರು. ಭಾರತಕ್ಕೂ ಬ್ರಿಟಿಷರು ಇಂಥದೇ ಧರ್ಮವಾರು ವೈಯಕ್ತಿಕ ಕಾನೂನುಗಳನ್ನು ಬಿಟ್ಟುಹೋದರು. ಆದರೆ ನಮ್ಮಲ್ಲಿ ಧರ್ಮದ ಹಂಗಿಲ್ಲದೆ ಮದುವೆಯಾಗಬಯಸುವವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ. ಅದರಲ್ಲಿ ತೊಡಕುಗಳಿವೆ, ನಿಜ. ಆದರೂ ಹೊರಗೆ ಹೋಗಲು ಒಂದು ಬಾಗಿಲಿದೆ. ಇಸ್ರೇಲ್ ಆ ಬಾಗಿಲನ್ನು ಇಡಲೇ ಇಲ್ಲ.

ಏಕೆಂದು ತಿಳಿಯಲು 1947ರ ಜೂನ್ 19ರ ಪತ್ರವೊಂದನ್ನು ಓದಬೇಕು. ಪ್ಯಾಲೆಸ್ಟೈನಿನ ಮುಂದಿನ ಗತಿಯನ್ನು ಪರಿಶೀಲಿಸಲು ವಿಶ್ವಸಂಸ್ಥೆಯ ಸಮಿತಿ ಆಗಷ್ಟೇ ಬಂದಿಳಿದಿತ್ತು. ಅದರ ಮುಂದೆ ಯಹೂದಿಗಳೆಲ್ಲ ಒಂದೇ ದನಿಯಲ್ಲಿ ಮಾತನಾಡಬೇಕೆಂಬುದು ಮುಂದೆ ಇಸ್ರೇಲಿನ ಮೊದಲ ಪ್ರಧಾನಿಯಾದ ಡೇವಿಡ್ ಬೆನ್ ಗುರಿಯನ್ ಅವರ ಕಾಳಜಿಯಾಗಿತ್ತು. ದೇವರು ಕಳಿಸುವ ಉದ್ಧಾರಕನಾದ ಮೆಸ್ಸಾಯ ಬರುವ ಮೊದಲೇ ಮನುಷ್ಯರು ಯಹೂದಿ ರಾಜ್ಯ ಕಟ್ಟುವುದನ್ನು ಅನುಮಾನದಿಂದ ನೋಡುತ್ತಿದ್ದ ಅಗುದಾತ್ ಇಸ್ರಾಯೇಲ್ ಎಂಬ ಕಟ್ಟಾ ಸಂಪ್ರದಾಯಸ್ಥರ ಸಂಘಟನೆ ಅಪಸ್ವರ ತೆಗೆದರೆ ಕೆಲಸ ಕೆಡುತ್ತಿತ್ತು. ಅವರಿಗೆ ಬೆನ್ ಗುರಿಯನ್ ಮತ್ತಿಬ್ಬರು ಮುಖಂಡರು ಸಹಿ ಹಾಕಿ ನಾಲ್ಕು ಭರವಸೆ ಕೊಟ್ಟರು. ಶಬ್ಬತ್ ದಿನವಾದ ಶನಿವಾರ ರಜೆ. ಸರ್ಕಾರಿ ಅಡುಗೆಮನೆಗಳಲ್ಲಿ ಕೋಷರ್, ಅಂದರೆ ಧರ್ಮಶಾಸ್ತ್ರ ಒಪ್ಪುವ ಊಟ. ಶಿಕ್ಷಣದಲ್ಲಿ ಪ್ರತಿ ಪಂಥಕ್ಕೂ ಅದರದೇ ಸ್ವಾತಂತ್ರ್ಯ. ಮದುವೆಯ ವಿಷಯದಲ್ಲಿ ಯಹೂದಿ ಸಮುದಾಯ ಎರಡಾಗಿ ಒಡೆಯದಂತೆ ಧರ್ಮನಿಷ್ಠರ ಅಗತ್ಯವನ್ನು ನಡೆಸಿಕೊಡಲು ಕೈಲಾದ ಪ್ರಯತ್ನ. ಅದೇ ಪತ್ರದಲ್ಲಿ, ಹೊಸ ರಾಜ್ಯದಲ್ಲಿ ಎಲ್ಲ ಪ್ರಜೆಗಳಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಇರಲೇಬೇಕು, ಧರ್ಮಪ್ರಭುತ್ವ ಕಟ್ಟುವ ಉದ್ದೇಶ ಇಲ್ಲ ಎಂದೂ ಬರೆದಿದೆ. ಎರಡು ದಿಕ್ಕಿಗೆ ಎಳೆಯುವ ಈ ಎರಡು ಮಾತುಗಳನ್ನು ಒಂದೇ ಕಾಗದದಲ್ಲಿಟ್ಟು ದೇಶ ಹುಟ್ಟಿತು. ಆ ಪತ್ರದ ಸುತ್ತ ಬೆಳೆದುಬಂದ ಏರ್ಪಾಡಿಗೆ ಅಲ್ಲಿ ‘ಯಥಾಸ್ಥಿತಿ’ ಎಂದೇ ಹೆಸರು.

ತಾತ್ಕಾಲಿಕ ರಾಜಿ ಖಾಯಂ ಆದದ್ದಕ್ಕೆ ಕಾರಣ ಸಂಸತ್ತಿನ ಲೆಕ್ಕಾಚಾರ. 120 ಸ್ಥಾನಗಳ ಕನೆಸೆಟ್ಟಿನಲ್ಲಿ ಈವರೆಗೆ ಯಾವ ಪಕ್ಷವೂ ಚುನಾವಣೆಯಲ್ಲಿ ಒಂಟಿಯಾಗಿ 61 ಸ್ಥಾನ ಮುಟ್ಟಿಲ್ಲ. ಎಡಪಕ್ಷವಾಗಲಿ ಬಲಪಕ್ಷವಾಗಲಿ, ಸರ್ಕಾರ ರಚಿಸಲು ಬಹುತೇಕ ಪ್ರತಿ ಸಲವೂ ಧಾರ್ಮಿಕ ಪಕ್ಷಗಳ ಬೆಂಬಲ ಬೇಕಾಗಿದೆ. ಸಂವಿಧಾನ ಬರೆಯಲು ಹೊರಟಾಗ ಧಾರ್ಮಿಕ ಪಕ್ಷಗಳು ತೋರಾ ಎಂಬ ಧರ್ಮಗ್ರಂಥ ಇರುವಾಗ ಬೇರೆ ಸಂವಿಧಾನ ಏಕೆಂದವು. ಬೆನ್ ಗುರಿಯನ್ ಅವರಿಗೂ ಕೈ ಕಟ್ಟಿಹಾಕಿಕೊಳ್ಳುವ ಆತುರವಿರಲಿಲ್ಲ. 1950ರಲ್ಲಿ ಅದನ್ನು ಮುಂದಕ್ಕೆ ಹಾಕಿದರು, ಸಂವಿಧಾನವನ್ನು ಬಿಡಿಬಿಡಿಯಾದ ಮೂಲಭೂತ ಕಾನೂನುಗಳಾಗಿ ಬರೆಯೋಣ ಎಂದು ತೀರ್ಮಾನಿಸಿದರು. ಒಂದು ಪೂರ್ಣ ಗ್ರಂಥವಾಗಿ ಅದು ಇವತ್ತಿಗೂ ಬಂದಿಲ್ಲ. ಅದು ಬರುವ ಮೊದಲೇ, 1953ರಲ್ಲಿ, ಇಸ್ರೇಲಿನ ಯಹೂದಿಗಳ ಮದುವೆ ಮತ್ತು ವಿಚ್ಛೇದನ ಸಂಪೂರ್ಣವಾಗಿ ರಬ್ಬಿ ನ್ಯಾಯಾಲಯಗಳ ಅಧಿಕಾರಕ್ಕೆ ಸೇರಿದ್ದು ಎಂಬ ಕಾಯ್ದೆ ಬಂತು.

ಆ ಕಾಯ್ದೆಯನ್ನು ಮಾಡಿದ್ದು ಸಂಸತ್ತು. ನಾನು ಈ ವಿಷಯದಲ್ಲಿ ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಇಸ್ರೇಲಿನ ತಿಕ್ಕಾಟವನ್ನು ಆಸ್ತಿಕರಿಗೂ ನಾಸ್ತಿಕರಿಗೂ ನಡುವಿನ ಜಗಳವೆಂದು ಬರೆಯುವವರು ಬಹಳ. ಹತ್ತಿರದಿಂದ ನೋಡಿದರೆ ಜಗಳ ಬೇರೆಯೇ. ಅಲ್ಲಿನ ರಬ್ಬಿ ನ್ಯಾಯಾಧೀಶರು, ಅಂದರೆ ದಯಾನರು, ರಾಜ್ಯದ ಹೊರಗೆ ನಿಂತ ಮಠಾಧಿಪತಿಗಳಲ್ಲ. ಕಾನೂನಿನ ಪ್ರಕಾರ ನೇಮಕವಾಗಿ, ಸರ್ಕಾರದ ಸಂಬಳ ಪಡೆದು, ಪೊಲೀಸರ ಬಲದಿಂದ ಜಾರಿಯಾಗುವ ತೀರ್ಪು ಕೊಡುವವರು. ಆದರೆ ಅವರು ತೀರ್ಪು ಕೊಡುವುದು ಸಂಸತ್ತು ಬರೆಯದ, ಸಂಸತ್ತು ತಿದ್ದಲಾಗದ ಶಾಸ್ತ್ರದ ಆಧಾರದ ಮೇಲೆ. ಸಾಮಾನ್ಯ ನ್ಯಾಯಾಧೀಶರು ಇಸ್ರೇಲ್ ರಾಜ್ಯಕ್ಕೂ ಅದರ ಕಾನೂನುಗಳಿಗೂ ನಿಷ್ಠರಾಗಿರುವುದಾಗಿ ಪ್ರಮಾಣ ಮಾಡುತ್ತಾರೆ. 1955ರ ಕಾಯ್ದೆ ದಯಾನರಿಗೆ ಬರೆದುಕೊಟ್ಟ ಪ್ರಮಾಣದಲ್ಲಿ ರಾಜ್ಯಕ್ಕೆ ನಿಷ್ಠೆ ಇದೆ, ಕಾನೂನುಗಳ ಮಾತಿಲ್ಲ. ಹಾಗಾದರೆ ಆ ಕುರ್ಚಿಯಲ್ಲಿ ಕೂತವರು ಯಾರಿಗೆ ಉತ್ತರ ಹೇಳಬೇಕು? ಎಪ್ಪತ್ತು ವರ್ಷಗಳ ವ್ಯಾಜ್ಯಗಳೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗಿವೆ.

ನಮ್ಮ ನೆರೆಯ ಕೊಂಕಣದಿಂದ ಹೋದವರ ಕಥೆಯನ್ನೇ ತೆಗೆದುಕೊಳ್ಳಿ. ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯ ಶತಮಾನಗಳ ಕಾಲ ಕೊಂಕಣ ತೀರದ ಹಳ್ಳಿಗಳಲ್ಲಿ ಬಾಳಿತು. ಮರಾಠಿ ಮಾತು, ಗಾಣದ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರ ತೇಲಿಗಳೆಂದು, ಅಂದರೆ ಶನಿವಾರದ ಗಾಣಿಗರೆಂದು ಕರೆಯುತ್ತಿದ್ದರು. ಇಸ್ರೇಲ್ ಹುಟ್ಟಿದ ಮೇಲೆ ಸಾವಿರಾರು ಜನ ಅಲ್ಲಿಗೆ ಹೊರಟರು. ಅಲ್ಲಿ ಮದುವೆ ನೋಂದಾಯಿಸಲು ಹೋದಾಗ ಕೆಲವು ರಬ್ಬಿಗಳು ತಕರಾರು ತೆಗೆದರು: ಇಷ್ಟು ತಲೆಮಾರು ಯಹೂದಿ ವಿದ್ಯಾಕೇಂದ್ರಗಳಿಂದ ದೂರವಿದ್ದವರು ವಿಚ್ಛೇದನವನ್ನು ಶಾಸ್ತ್ರೋಕ್ತವಾಗಿ ಮಾಡಿದ್ದಾರೋ ಇಲ್ಲವೋ, ನಡುವೆ ಬೇರೆಯವರ ಜೊತೆ ಸಂಬಂಧ ಬೆಳೆಸಿದ್ದಾರೋ ಏನೋ. 1961ರಲ್ಲಿ ಮುಖ್ಯ ರಬ್ಬಿನೇಟ್ ಇವರೊಂದಿಗೆ ಮದುವೆ ಮಾಡಬಹುದು ಎಂದಿತು. ಮರುವರ್ಷ ಸೆಫಾರ್ದಿ ಮುಖ್ಯ ರಬ್ಬಿ ಯಿತ್ಸಾಕ್ ನಿಸ್ಸೀಮ್ ಅವರ ಕಾಲದಲ್ಲೇ ಹೊರಟ ಸುತ್ತೋಲೆ, ಬೆನೆ ಇಸ್ರೇಲಿನವರು ಬಂದರೆ ತಾಯಿ, ಅಜ್ಜಿ, ಅವರ ಹಿಂದಿನವರ ತನಕ ಸಾಧ್ಯವಾದಷ್ಟೂ ವಿಚಾರಿಸಿ ಎಂದು ನೋಂದಣಿ ರಬ್ಬಿಗಳಿಗೆ ಹೇಳಿತು. ಪೋಲೆಂಡಿನಿಂದಲೋ ರುಮೇನಿಯಾದಿಂದಲೋ ಬಂದವರಿಗೆ ಇಂಥ ಸುತ್ತೋಲೆ ಇರಲಿಲ್ಲ.

ಕೊಂಕಣದ ಹಳ್ಳಿಯಲ್ಲಿ ಒಂದು ದಿನವೂ ಯಾರೂ ಕೇಳದ ಪ್ರಶ್ನೆಯನ್ನು ತಮ್ಮದೇ ದೇಶವೆಂದು ಬಂದ ಜಾಗದಲ್ಲಿ ಕೇಳಿಸಿಕೊಳ್ಳಬೇಕಾದ ಆ ಜನರ ನೋವು ಎಂಥದೆಂದು ನೀವೇ ಊಹಿಸಿ. ಅವರು ಸುಮ್ಮನಿರಲಿಲ್ಲ. 1964ರ ಬೇಸಿಗೆಯಲ್ಲಿ ಜೆರುಸಲೇಮಿನಲ್ಲಿ ಧರಣಿ ಕೂತರು. ಆಗಸ್ಟ್ 17ರಂದು ಕನೆಸೆಟ್ ಇದಕ್ಕಾಗಿಯೇ ವಿಶೇಷವಾಗಿ ಸೇರಿತು. ಬೆನೆ ಇಸ್ರೇಲಿನವರು ಎಲ್ಲ ರೀತಿಯಲ್ಲೂ ಯಹೂದಿಗಳೇ, ಅವರಿಗೂ ಉಳಿದವರಿಗೂ ಭೇದವಿಲ್ಲ, ರಬ್ಬಿನೇಟ್ ಈ ಅನ್ಯಾಯದ ಭಾವನೆಯನ್ನು ಹೋಗಲಾಡಿಸಬೇಕು ಎಂಬ ನಿಲುವಿನ ಹಿಂದೆ ಪ್ರಧಾನಿ ಲೆವಿ ಎಶ್ಕೋಲ್ ಅವರ ಸರ್ಕಾರ ನಿಂತಿತು. ಅದೇ ತಿಂಗಳು ಸುತ್ತೋಲೆಯಿಂದ ಬೆನೆ ಇಸ್ರೇಲ್ ಹೆಸರು ಹೋಯಿತು. ಕುಲದ ಬಗ್ಗೆ ಅನುಮಾನವಿರುವ ಯಾರನ್ನಾದರೂ ವಿಚಾರಿಸಬಹುದು ಎಂಬ ಸಾಮಾನ್ಯ ಮಾತು ಬಂತು. ಶಾಸ್ತ್ರದ ಚರ್ಚೆಯಲ್ಲಿ ಸರಿಯಾಗದ್ದು ಬೀದಿಯ ಒತ್ತಡದಿಂದ, ಸಂಸತ್ತಿನ ಗೊತ್ತುವಳಿಯಿಂದ ಸರಿಯಾಯಿತು. ವಿಚಾರಿಸುವ ಅಧಿಕಾರ ಮಾತ್ರ ರಬ್ಬಿನೇಟಿನ ಕೈಯಲ್ಲೇ ಉಳಿಯಿತು. ಮುಂದೆ ಇಥಿಯೋಪಿಯಾದ ಯಹೂದಿಗಳೂ ಇಂಥದೇ ಅನುಮಾನವನ್ನು ಎದುರಿಸಬೇಕಾಯಿತು.

1990ರ ದಶಕದಲ್ಲಿ ಹಳೆಯ ಸೋವಿಯತ್ ಒಕ್ಕೂಟದಿಂದ ಲಕ್ಷಗಟ್ಟಲೆ ಜನ ಬಂದಾಗ ಸಮಸ್ಯೆ ಇನ್ನೂ ದೊಡ್ಡದಾಯಿತು. ಯಹೂದಿಗಳಿಗೆ ಪೌರತ್ವದ ಹಕ್ಕು ಕೊಡುವ ‘ಮರಳುವಿಕೆಯ ಕಾಯ್ದೆ’ಗೆ 1970ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಜ್ಜನೋ ಅಜ್ಜಿಯೋ ಯಹೂದಿಯಾಗಿದ್ದರೂ ಸಾಕು, ಬರಬಹುದು. ಹಲಾಖಾಗೆ ಅದು ಸಾಲದು. ತಾಯಿ ಯಹೂದಿಯಾಗಿರಬೇಕು, ಇಲ್ಲವೇ ಶಾಸ್ತ್ರೋಕ್ತವಾಗಿ ಮತಾಂತರವಾಗಿರಬೇಕು. ಹೀಗೆ ಗೃಹ ಇಲಾಖೆ ಬರಮಾಡಿಕೊಂಡ, ಸೈನ್ಯಕ್ಕೆ ಸೇರಿಸಿಕೊಂಡ, ತೆರಿಗೆ ವಸೂಲು ಮಾಡುವ ಲಕ್ಷಾಂತರ ಪ್ರಜೆಗಳು ರಬ್ಬಿನೇಟಿನ ಕಣ್ಣಿನಲ್ಲಿ ಯಹೂದಿಗಳಲ್ಲ. ಅವರಿಗೆ ಮದುವೆಯಾಗಲು ದೇಶದಲ್ಲಿ ಜಾಗವಿಲ್ಲ. ಧರ್ಮದ ಹೊರಗೆ ಜೋಡಿಯಾಗಿ ನೋಂದಾಯಿಸಿಕೊಳ್ಳಲು ಬಿಡುವ ಒಂದು ಕಾಯ್ದೆ 2010ರಲ್ಲಿ ಬಂತಾದರೂ ಅದು ವಧೂವರರಿಬ್ಬರೂ ಯಾವ ಧರ್ಮಕ್ಕೂ ಸೇರದವರಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಪ್ರೀತಿಸುವವರು ಅಷ್ಟು ಅಚ್ಚುಕಟ್ಟಾಗಿ ಹೊಂದಿಕೊಳ್ಳುವುದು ಅಪರೂಪ.

ಜನ ಕಂಡುಕೊಂಡ ದಾರಿ ಸೈಪ್ರಸ್. ವಿಮಾನದಲ್ಲಿ ಒಂದು ಗಂಟೆಯೊಳಗಿನ ದಾರಿ. ಲಾರ್ನಕಾ ನಗರಸಭೆಯಲ್ಲಿ ಮದುವೆಯಾಗಿ ಮರಳಿದರೆ ಆಯಿತು. ಹೊರದೇಶದಲ್ಲಿ ಆದ ಇಂಥ ಮದುವೆಯನ್ನು ಜನಸಂಖ್ಯಾ ನೋಂದಣಿ ದಾಖಲೆಯಲ್ಲಿ ಬರೆದುಕೊಳ್ಳಲೇಬೇಕು, ಅದರ ಸಿಂಧುತ್ವವನ್ನು ಅಳೆಯುವುದು ಗುಮಾಸ್ತನ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟು 1963ರಲ್ಲೇ ಹೇಳಿತ್ತು. ಅದೇ ತರ್ಕದಿಂದ 2006ರಲ್ಲಿ ಹೊರದೇಶದಲ್ಲಾದ ಸಲಿಂಗ ಮದುವೆಗಳು, 2023ರಲ್ಲಿ ಅಮೆರಿಕದ ಯೂಟಾ ರಾಜ್ಯದ ಅಧಿಕಾರಿಯ ಮುಂದೆ ಇಸ್ರೇಲಿನಲ್ಲೇ ಕೂತು ವೀಡಿಯೋ ಕರೆಯಲ್ಲಿ ಆದ ಮದುವೆಗಳು ಕೂಡ ನೋಂದಣಿಗೆ ಅರ್ಹವಾದವು. ಆದರೆ ಸೈಪ್ರಸ್ಸಿನಲ್ಲಿ ಮದುವೆಯಾದ ಯಹೂದಿ ದಂಪತಿ ಬೇರೆಯಾಗಬೇಕೆಂದಾಗ ರಬ್ಬಿ ನ್ಯಾಯಾಲಯಕ್ಕೇ ಬರಬೇಕು.

ಮದುವೆಗಿಂತ ವಿಚ್ಛೇದನವೇ ಹೆಚ್ಚು ಕ್ರೂರ. ಹಲಾಖಾ ಪ್ರಕಾರ ಗಂಡ ತನ್ನ ಸ್ವಂತ ಇಚ್ಛೆಯಿಂದ ‘ಗೆಟ್’ ಎಂಬ ಬಿಡುಗಡೆ ಪತ್ರವನ್ನು ಹೆಂಡತಿಯ ಕೈಗೆ ಕೊಡಬೇಕು. ದಯಾನರು ಕೊಡು ಎನ್ನಬಹುದು, ಒತ್ತಾಯಿಸಬಹುದು. ಅವನ ಬದಲು ತಾವೇ ಕೊಡಲಾರರು. ಕೊಡದಿದ್ದರೆ ಅವಳು ಕಟ್ಟಿಹಾಕಿದವಳು, ಅಗುನಾ. ಬೇರೊಬ್ಬ ಯಹೂದಿಯಿಂದ ಮಗುವಾದರೆ ಆ ಮಗು ‘ಮಮ್ಜೇರ್’ ಆಗುತ್ತದೆ. ಅದೂ ಅದರ ಸಂತತಿಯೂ ಸಾಮಾನ್ಯ ಯಹೂದಿಗಳನ್ನು ಮದುವೆಯಾಗುವಂತಿಲ್ಲ. ಗಂಡನಿಗೆ ಬೇರೊಬ್ಬ ಅವಿವಾಹಿತೆಯಿಂದ ಮಗುವಾದರೆ ಈ ಕಳಂಕ ತಟ್ಟುವುದಿಲ್ಲ. ಈ ಅಸಮತೋಲದಿಂದ ಗೆಟ್ ಚೌಕಾಶಿಯ ಸರಕಾಗಿದೆ: ಮನೆ ಬಿಟ್ಟುಕೊಡು, ಜೀವನಾಂಶ ಕೇಳಬೇಡ, ಆಗ ಕೊಡುತ್ತೇನೆ. 1995ರ ಕಾಯ್ದೆಯೊಂದು ಹಟಮಾರಿ ಗಂಡಂದಿರ ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಬ್ಯಾಂಕ್ ಖಾತೆ ತಡೆಹಿಡಿಯುವ, ಕೊನೆಗೆ ಜೈಲಿಗೆ ಹಾಕುವ ಅಧಿಕಾರವನ್ನು ರಬ್ಬಿ ನ್ಯಾಯಾಲಯಗಳಿಗೆ ಕೊಟ್ಟಿತು. ಅದಕ್ಕೂ ಮೊದಲು ಒಬ್ಬ ಗಂಡನಂತೂ 32 ವರ್ಷ ಜೈಲಿನಲ್ಲಿದ್ದು, ಗೆಟ್ ಕೊಡದೆಯೇ 1994ರಲ್ಲಿ ಅಲ್ಲೇ ಸತ್ತ. ರಾಜ್ಯ ತನ್ನ ಜೈಲನ್ನು ಕೊಡಬಲ್ಲದು, ಬಿಡುಗಡೆ ಪತ್ರವನ್ನು ಕೊಡಲಾರದು.

ಇನ್ನು ಯಾರ ಮಾತು ನಡೆಯುತ್ತದೆ ಎಂಬ ನಿಮ್ಮ ಪ್ರಶ್ನೆ. ಕಾನೂನಿನ ಪ್ರಕಾರ ಸುಪ್ರೀಂ ಕೋರ್ಟು ‘ಬಗಾತ್ಸ್’ ಆಗಿ, ಅಂದರೆ ನಮ್ಮ ರಿಟ್ ಅರ್ಜಿಗಳನ್ನು ಕೇಳುವ ಪೀಠದಂತೆ ಕೂತಾಗ, ರಬ್ಬಿ ನ್ಯಾಯಾಲಯಗಳು ತಮ್ಮ ಎಲ್ಲೆ ಮೀರದಂತೆ ತಡೆಯಬಹುದು. 1994ರಲ್ಲಿ ಅದು, ದಂಪತಿಯ ಆಸ್ತಿ ಹಂಚುವಾಗ ರಬ್ಬಿ ನ್ಯಾಯಾಲಯಗಳೂ ದೇಶದ ಸಾಮಾನ್ಯ ಕಾನೂನನ್ನೇ, ಅಂದರೆ ಗಂಡಹೆಂಡಿರಿಗೆ ಸಮಪಾಲು ಎಂಬುದನ್ನೇ ಅನುಸರಿಸಬೇಕೆಂದಿತು. ಅನೇಕ ಹೆಂಗಸರ ಬದುಕನ್ನು ಉಳಿಸಿದ ತೀರ್ಪು ಅದು. 1990ರಲ್ಲಿ ಇನ್ನೊಂದು: ಬೆಲ್ಲಿ ನೃತ್ಯ ನಡೆಯುತ್ತದೆಂಬ ಕಾರಣಕ್ಕೆ ಸಭಾಂಗಣದ ಕೋಷರ್ ಪ್ರಮಾಣಪತ್ರ ತಡೆಯುವಂತಿಲ್ಲ, ಆ ಅಧಿಕಾರ ಕೊಟ್ಟಿರುವುದು ತಟ್ಟೆಯಲ್ಲಿರುವುದನ್ನು ನೋಡಲು ಎಂದಿತು. ಇವುಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು 1988ರ ಲಿಯಾ ಶಕ್ದಿಯೆಲ್ ಪ್ರಕರಣ. ಮರಳುಗಾಡಿನ ಯೆರುಹಾಮ್ ಪಟ್ಟಣದ ಧಾರ್ಮಿಕ ಮಂಡಳಿಗೆ ಸ್ಥಳೀಯ ಸಂಸ್ಥೆ ಅವರನ್ನು ಆರಿಸಿತು. ಹೆಂಗಸೆಂಬ ಕಾರಣಕ್ಕೆ ತಡೆಯಾಯಿತು. ಅರ್ಜಿ ಹಾಕಿದ ಆಕೆ ನಿಷ್ಠಾವಂತ ಸಂಪ್ರದಾಯಸ್ಥೆ. ಆಕೆಯ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಮೆನಾಖೆಮ್ ಎಲೋನ್ ಹಲಾಖಾ ಪಂಡಿತರು, ಸ್ವತಃ ಆಚಾರವಂತರು. ಮಂಡಳಿಯ ಕೆಲಸ ಸಿನಗಾಗ್ ಎಂಬ ಪ್ರಾರ್ಥನಾಮಂದಿರ, ಶುದ್ಧಿಯ ಸ್ನಾನಗೃಹ ಮುಂತಾದ ಸೇವೆಗಳನ್ನು ನೋಡಿಕೊಳ್ಳುವುದು. ಅದಕ್ಕೆ ಜನರ ಹಣ ಬರುತ್ತದೆ, ಆದ್ದರಿಂದ ಜನರ ಕಾನೂನೇ ಅನ್ವಯ ಎಂಬುದು ತೀರ್ಪಿನ ಹುರುಳು.

ಧರ್ಮವನ್ನು ರಾಜ್ಯದಿಂದ ಬಿಡಿಸಿ ಎಂದು ದಶಕಗಟ್ಟಲೆ ಅತ್ಯಂತ ಗಟ್ಟಿಯಾಗಿ ಕೂಗಿದವರೂ ಒಬ್ಬ ಸಂಪ್ರದಾಯಸ್ಥರೇ: ಜೆರುಸಲೇಮಿನ ವಿಜ್ಞಾನಿ, ದಾರ್ಶನಿಕ ಯೆಶಯಾಹು ಲೀಬೊವಿತ್ಸ್. ಸರ್ಕಾರಿ ಸಂಬಳದ ಧರ್ಮ ಸರ್ಕಾರದ ಆಳಾಗಿಬಿಡುತ್ತದೆ ಎಂಬುದು ಅವರ ಸಂಕಟ. ಅದು ಎಷ್ಟು ನಿಜವೆಂಬುದಕ್ಕೆ ಸಾಕ್ಷಿ ಬೇಕಿದ್ದರೆ ಹರೇದಿಗಳನ್ನೇ, ಅಂದರೆ ಅತಿ ಸಂಪ್ರದಾಯಸ್ಥ ಯಹೂದಿಗಳನ್ನೇ ನೋಡಿ: ಅವರಲ್ಲಿ ಬಹುಪಾಲು ಜನ ಸರ್ಕಾರಿ ರಬ್ಬಿನೇಟಿನ ಕೋಷರ್ ಮುದ್ರೆಯನ್ನು ಸಾಕೆಂದು ಒಪ್ಪದೆ ತಮ್ಮದೇ ಮಂಡಳಿಗಳ ಮುದ್ರೆಯಿರುವ ಆಹಾರವನ್ನೇ ಕೊಳ್ಳುತ್ತಾರೆ.

ಶಬ್ಬತ್ ವಿಷಯದಲ್ಲಿ ಸರ್ಕಾರವೇ ಉರುಳಿದ್ದೂ ಉಂಟು. 1976ರ ಡಿಸೆಂಬರ್ 10, ಶುಕ್ರವಾರ, ಅಮೆರಿಕದಿಂದ ಮೊದಲ ಎಫ್-15 ಯುದ್ಧವಿಮಾನಗಳು ಬಂದಿಳಿದವು. ಸ್ವಾಗತ ಸಮಾರಂಭ ಮುಗಿಯುವ ಹೊತ್ತಿಗೆ, ಶಬ್ಬತ್ ಶುರುವಾಗುವ ಸೂರ್ಯಾಸ್ತ ಹತ್ತಿರ ಬಂದು, ಅತಿಥಿಗಳು ಶಬ್ಬತ್ ಮುರಿಯದೆ ಮನೆ ಸೇರಲಾಗದಂತಾಯಿತು ಎಂದು ಅವಿಶ್ವಾಸ ಗೊತ್ತುವಳಿ ಬಂತು. ಮಿತ್ರಪಕ್ಷವಾದ ರಾಷ್ಟ್ರೀಯ ಧಾರ್ಮಿಕ ಪಕ್ಷದ ಮಂತ್ರಿಗಳು ಸರ್ಕಾರದ ಪರ ಮತ ಹಾಕಲಿಲ್ಲ. ಪ್ರಧಾನಿ ಯಿತ್ಸಾಕ್ ರಬಿನ್ ಆ ಮಂತ್ರಿಗಳನ್ನು ವಜಾ ಮಾಡಿ ತಾವೂ ರಾಜೀನಾಮೆ ಕೊಟ್ಟರು. 1977ರ ಚುನಾವಣೆಯಲ್ಲಿ ಮೂರು ದಶಕದ ಕಾರ್ಮಿಕ ಪಕ್ಷದ ಆಳ್ವಿಕೆ ಮುಗಿದು ಮೆನಾಖೆಮ್ ಬೆಗಿನ್ ಗೆದ್ದರು. ಕಾರ್ಮಿಕ ಪಕ್ಷದ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಮುಂದಿನದಕ್ಕೆ ಇದು ದಾರಿಯಾಯಿತು: ಅಗುದಾತ್ ಇಸ್ರಾಯೇಲಿನ ಬೆಂಬಲ ಬೇಕಾಗಿದ್ದ ಬೆಗಿನ್, ಯೆಶಿವಾ ಎಂಬ ಧಾರ್ಮಿಕ ಪಾಠಶಾಲೆಗಳ ವಿದ್ಯಾರ್ಥಿಗಳಿಗೆ ಸೈನ್ಯದಿಂದ ಕೊಡುತ್ತಿದ್ದ ವಿನಾಯಿತಿಯ ಮಿತಿಯನ್ನು ತೆಗೆದುಹಾಕಿದರು.

ಈ ವಿನಾಯಿತಿಯೇ ಇವತ್ತಿನ ದೊಡ್ಡ ಬಿಕ್ಕಟ್ಟು. ನಾಜಿಗಳ ಕೈಯಲ್ಲಿ ಯೂರೋಪಿನ ಯೆಶಿವಾಗಳೆಲ್ಲ ಸುಟ್ಟುಹೋದ ಮೇಲೆ ಉಳಿದ ಪಾಂಡಿತ್ಯವನ್ನಾದರೂ ಕಾಪಾಡೋಣವೆಂದು 1948ರಲ್ಲಿ ಬೆನ್ ಗುರಿಯನ್ 400 ವಿದ್ಯಾರ್ಥಿಗಳನ್ನು ಸೈನ್ಯದಿಂದ ಬಿಟ್ಟರು. ಆ ನಿರ್ಧಾರದ ಹಿಂದಿನ ಕರುಣೆಯನ್ನು ನಾನು ಗೌರವಿಸುತ್ತೇನೆ. 1952ರಲ್ಲಿ ಅವರು ಹೆಣ್ಣುಮಕ್ಕಳ ಸೇವೆಯ ವಿಚಾರ ಮಾತನಾಡಲು ಬ್ನೆ ಬ್ರಾಕಿನ ಹಿರಿಯ ರಬ್ಬಿ, ಹಜೋನ್ ಇಶ್ ಎಂದೇ ಹೆಸರಾದ ಅವ್ರಹಾಮ್ ಕರೆಲಿತ್ಸ್ ಅವರ ಮನೆಗೇ ಹೋದರು. ಇಕ್ಕಟ್ಟಿನ ದಾರಿಯಲ್ಲಿ ಎರಡು ಬಂಡಿ ಎದುರಾದರೆ ಖಾಲಿ ಬಂಡಿ ತುಂಬಿದ ಬಂಡಿಗೆ ದಾರಿ ಬಿಡಬೇಕು ಎಂದರಂತೆ ರಬ್ಬಿ. ನೆಲ ಉಳುವುದು, ಗಡಿ ಕಾಯುವುದು ಭಾರವಲ್ಲವೇ ಎಂದು ಬೆನ್ ಗುರಿಯನ್ ಕೇಳಿದರಂತೆ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಾಗಲಿಲ್ಲ.

400 ಇದ್ದದ್ದು ಈಗ ಹತ್ತಾರು ಸಾವಿರ. ರಕ್ಷಣಾ ಮಂತ್ರಿ ತನ್ನಷ್ಟಕ್ಕೆ ಇಷ್ಟು ಜನಕ್ಕೆ ವಿನಾಯಿತಿ ಕೊಡುವಂತಿಲ್ಲ, ಸಂಸತ್ತು ಕಾನೂನು ಮಾಡಬೇಕು ಎಂದು ನ್ಯಾಯಾಲಯ 1998ರಲ್ಲಿ ಹೇಳಿತು. ಎರಡು ತಿಂಗಳಲ್ಲೇ, 1999ರ ಫೆಬ್ರವರಿಯಲ್ಲಿ, ನ್ಯಾಯಾಲಯದ ವಿರುದ್ಧ ಸುಮಾರು ಎರಡೂವರೆ ಲಕ್ಷ ಹರೇದಿಗಳು ಜೆರುಸಲೇಮಿನ ಬೀದಿಗಿಳಿದರು. ಸಂಸತ್ತು 2002ರಲ್ಲಿ ಮಾಡಿದ ಕಾಯ್ದೆ ಸಮಾನತೆಗೆ ವಿರುದ್ಧವೆಂದು 2012ರಲ್ಲಿ ಬಿತ್ತು. 2014ರದ್ದನ್ನು ತಿದ್ದಿ ಉಳಿಸಿಕೊಂಡದ್ದೂ 2017ರಲ್ಲಿ ಬಿತ್ತು. 2023ರಲ್ಲಿ ಬೆಂಜಮಿನ್ ನೆತನ್ಯಾಹು ಸರ್ಕಾರ ನ್ಯಾಯಾಲಯದ ಅಧಿಕಾರವನ್ನೇ ಮೊಟಕುಗೊಳಿಸಲು ಹೊರಟಾಗ ಹರೇದಿ ಪಕ್ಷಗಳು ಅದರ ಬೆನ್ನಿಗೆ ನಿಂತದ್ದು ಈ ಕಾರಣಕ್ಕೇ. 2024ರ ಜನವರಿ 1ರಂದು ನ್ಯಾಯಾಲಯ ಆ ಸುಧಾರಣೆಯ ಮುಖ್ಯ ಭಾಗವನ್ನು 8–7ರಲ್ಲಿ ರದ್ದು ಮಾಡಿತು. ಮಾರ್ಚಿನಲ್ಲಿ ಸೆಫಾರ್ದಿ ಮುಖ್ಯ ರಬ್ಬಿ ಯಿತ್ಸಾಕ್ ಯೋಸೆಫ್, ಬಲವಂತವಾಗಿ ಸೈನ್ಯಕ್ಕೆ ಸೇರಿಸಿದರೆ ನಾವೆಲ್ಲ ದೇಶ ಬಿಟ್ಟು ಹೋಗುತ್ತೇವೆ ಎಂದರು. ಅವರು ರಾಜ್ಯದ ಹುದ್ದೆಯಲ್ಲಿದ್ದರು. ಆಗ ಗಾಜಾ ಯುದ್ಧ ನಡೆದಿತ್ತು, ಮೀಸಲು ಪಡೆಯವರು ತಿಂಗಳುಗಟ್ಟಲೆ ಮನೆ ಬಿಟ್ಟಿದ್ದರು. ಜೂನ್ 25ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ವಿನಾಯಿತಿಗೆ ಈಗ ಯಾವ ಕಾನೂನಿನ ಆಧಾರವೂ ಇಲ್ಲ, ಸುಮಾರು 63,000 ಯೆಶಿವಾ ವಿದ್ಯಾರ್ಥಿಗಳಿಗೂ ಉಳಿದವರಿಗಿರುವ ಕಾನೂನೇ ಎಂದರು. 2025ರ ಜುಲೈನಲ್ಲಿ ಹರೇದಿ ಪಕ್ಷಗಳ ಮಂತ್ರಿಗಳು ರಾಜೀನಾಮೆ ಕೊಟ್ಟರು.

ಇಲ್ಲಿ ಕೊನೆಯ ಮಾತು ರಬ್ಬಿಯದೂ ಅಲ್ಲ, ನ್ಯಾಯಾಲಯದ್ದೂ ಅಲ್ಲ. ವಿನಾಯಿತಿಗೆ ಹೊಸ ಕಾಯ್ದೆ ಮಾಡುವ ಅಧಿಕಾರ ಕನೆಸೆಟ್ಟಿಗೆ ಇದ್ದೇ ಇದೆ, ಅದಕ್ಕೆ ಬಹುಮತ ಕೂಡಿಸುವಷ್ಟು ಸ್ಥಾನಗಳು ಧಾರ್ಮಿಕ ಪಕ್ಷಗಳನ್ನು ಬಿಟ್ಟರೆ ಸಿಗುವುದು ಕಷ್ಟ. ಹಾಗೆ ಬಂದ ಕಾಯ್ದೆ ಮತ್ತೆ ಅದೇ ನ್ಯಾಯಾಲಯದ ಮುಂದೆ ಹೋಗುತ್ತದೆ. 2012ರಲ್ಲೂ 2017ರಲ್ಲೂ ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಒಬ್ಬರ ಮಗ ಗಡಿಯಲ್ಲಿರುವಾಗ ಇನ್ನೊಬ್ಬರ ಮಗನನ್ನು ಬಿಡುವುದಕ್ಕೆ ಸಮಾನತೆಯ ಮುಂದೆ ನಿಲ್ಲುವ ಕಾರಣ ಏನು ಎಂದು.